ಕ್ರೈಸ್ತಶ್ರದ್ಧೆಯೂ ಕನ್ನಡ ಗ್ರಂಥಸಂಪಾದನೆಯೂ: ಉತ್ತಂಗಿ ಚನ್ನಪ್ಪನವರ ಕೃತಿಗಳ ವಿಮರ್ಶೆ

೧. ಪ್ರಸ್ತಾವ

ಒಂದು ಮತದಲ್ಲಿ ದೃಢಶ್ರದ್ಧೆಯುಳ್ಳವನು ಮತ್ತೊಂದು ಮತದ ಗ್ರಂಥಗಳನ್ನು ಸಂಪಾದಿಸಿದರೆ ಆ ಸಂಪಾದನೆಯನ್ನು ನಂಬಬಹುದೇ? ಈ ಪ್ರಶ್ನೆಯು ಹೊಸದಲ್ಲ. ಆದರೆ ತನ್ನ ಕವಿಗಳನ್ನೂ ಅನುಭಾವಿಗಳನ್ನೂ ತನ್ನವರು ಮಾತ್ರವೇ ಮುಟ್ಟತಕ್ಕುದೆಂದು ಒಂದೊಂದು ಸಮಾಜವೂ ಭಾವಿಸುವ ಪ್ರವೃತ್ತಿಯು ಬಲಿಯುತ್ತಿರುವ ಈ ಕಾಲದಲ್ಲಿ ಅದನ್ನು ಪುನಃ ವಿಚಾರಿಸುವುದು ಆವಶ್ಯಕವಾಗಿದೆ. ನಮ್ಮ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸುವರು. ಇವುಗಳಲ್ಲಿ ಅಧಿಕಾರಿಯ ವಿಚಾರವೇ ಇಲ್ಲಿ ಪ್ರಧಾನವು.

ಕನ್ನಡದಲ್ಲಿ ಈ ವಿಚಾರಕ್ಕೆ ದೊರೆಯುವ ಉತ್ತಮ ಉದಾಹರಣೆಯೆಂದರೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು (೧೮೮೧–೧೯೬೨). ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಕ್ರೈಸ್ತಸಭೆಯಲ್ಲಿ ಬೆಳೆದು, ಅದೇ ಸಭೆಯ ಬೋಧಕರಾಗಿ ಬಾಳಿದ ಇವರು ೧೯೨೪ರಲ್ಲಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದರು; ಮೋಳಿಗೆಯ ಮಾರಯ್ಯ, ರಾಣಿ ಮಹಾದೇವಿ, ಸಿದ್ಧರಾಮ, ಆದಯ್ಯ ಮೊದಲಾದ ಶಿವಶರಣರ ವಚನಗಳ ಸಂಪಾದನೆಯಲ್ಲಿ ದುಡಿದರು; ಅನುಭವಮಂಟಪವು ಕಲ್ಪನೆಯೋ ಚರಿತ್ರೆಯೋ ಎಂಬ ವಿವಾದದಲ್ಲಿ ಚರಿತ್ರೆಯ ಪಕ್ಷವನ್ನು ಹಿಡಿದು ಗ್ರಂಥವನ್ನೇ ಬರೆದರು. ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರಿದುದರ ಮರುವರ್ಷ, ಎಂದರೆ ೧೯೪೯ರಲ್ಲಿ, ಕಲಬುರಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟೆಲ್ಲವನ್ನು ಮಾಡುವಾಗಲೂ ಅವರು ತಮ್ಮ ಕ್ರೈಸ್ತಶ್ರದ್ಧೆಯನ್ನು ಸಡಲಿಸಲಿಲ್ಲ, ಮರೆಸಲೂ ಇಲ್ಲ.

ಇವರ ವಿಷಯದಲ್ಲಿ ರೂಢಿಯಾಗಿರುವ ಪ್ರಶಂಸೆಯೊಂದುಂಟು: ಕ್ರೈಸ್ತರಾಗಿದ್ದರೂ ಕನ್ನಡದ ಸೇವೆಯನ್ನು ಮಾಡಿದರು, ಎಂಬುದು. ಈ ವಾಕ್ಯದಲ್ಲಿಯ "ಆಗಿದ್ದರೂ" ಎಂಬ ಪದವು ಪರೀಕ್ಷಾರ್ಹವಾದುದು. ಶ್ರದ್ಧೆಯು ಸೇವೆಗೆ ಪ್ರತಿಬಂಧಕವೆಂದೂ, ಅದನ್ನು ಮೀರಿ ಇವರು ಕೆಲಸಮಾಡಿದರೆಂದೂ ಅದರ ಧ್ವನಿ. ನಮ್ಮ ಅಭಿಪ್ರಾಯದಲ್ಲಿ ಇದು ಸರಿಯಲ್ಲ. ಇವರ ಸಂಪಾದನಕಾರ್ಯಕ್ಕೆ ಇವರ ಶ್ರದ್ಧೆಯೇ ಕಾರಣವು, ಪ್ರತಿಬಂಧಕವಲ್ಲ. ಇದನ್ನು ಸಾಧಿಸುವುದೂ, ಅದರ ಜತೆಯಲ್ಲಿಯೇ ಈ ಶ್ರದ್ಧೆಯಿಂದ ಸಂಪಾದನೆಯಲ್ಲಿ ಉಂಟಾದ ದೋಷಗಳನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶವು.

೨. ಪತ್ರಿಕೆ ಮತ್ತು ಪ್ರಾರ್ಥನೆ

ಮೊದಲು ಕ್ರೈಸ್ತಶ್ರದ್ಧೆಗೂ ಬರವಣಿಗೆಗೂ ಇರುವ ಸಂಬಂಧವನ್ನು ಅರಿಯಬೇಕು. ವೈದಿಕರಾದ ನಮಗೆ ಪ್ರಮಾಣಗ್ರಂಥವು ಶ್ರುತಿ, ಎಂದರೆ ಕೇಳಿ ಕಲಿಯತಕ್ಕುದು. ಅದನ್ನು ಬರೆದಿಡುವುದು ಬಹುಕಾಲ ಗೌಣವಾಗಿಯೇ ಇದ್ದಿತು. ಶಿವಶರಣರ ಪ್ರಮಾಣವು ವಚನ, ಎಂದರೆ ಆಡಿದ ಮಾತು. ಕ್ರೈಸ್ತರ ಹೊಸ ಒಡಂಬಡಿಕೆಯಾದರೋ ೨೭ ಪುಸ್ತಕಗಳ ಸಂಪುಟವು. ಅವುಗಳಲ್ಲಿ ೨೧ ಪುಸ್ತಕಗಳು ಕಾಗದಗಳು. ಕನ್ನಡ ಸತ್ಯವೇದದಲ್ಲಿ ಇವುಗಳಿಗೆ ಪತ್ರಿಕೆಗಳೆಂದೇ ಹೆಸರು. ದೂರದ ಊರಿನಲ್ಲಿ ಕಷ್ಟಕ್ಕೆ ಸಿಕ್ಕಿದ ಸಣ್ಣ ಸಭೆಗಳಿಗೆ ಒಬ್ಬ ಹಿರಿಯನು ಬರೆದ ಕಾಗದಗಳಿವು. ಫಿಲಿಪ್ಪಿಯದವರಿಗೆ ಪೌಲನು ಬರೆದ ಪತ್ರಿಕೆಯು ಸೆರೆಯಲ್ಲಿದ್ದು ಬರೆದದ್ದು. ಆದರೂ ಅದರಲ್ಲಿ ಬರೆದವನ ದುಃಖಕ್ಕಿಂತ ಓದುವವರ ಧೈರ್ಯದ ಚಿಂತೆಯೇ ಹೆಚ್ಚಾಗಿದೆ. ಪ್ರತಿಯೊಂದರಲ್ಲಿಯೂ ಬುದ್ಧಿವಾದವುಂಟು, ಗದರಿಕೆಯುಂಟು, ಹರಕೆಯುಂಟು. ಬಹಳ ಕಡೆ ಪ್ರಾರ್ಥನೆಯೊಡನೆ ಆರಂಭವೂ ಆಶೀರ್ವಾದದೊಡನೆ ಮುಕ್ತಾಯವೂ ಉಂಟು. ಹೀಗೆ ಬರೆಹ, ಉತ್ತೇಜನ, ಪ್ರಾರ್ಥನೆ ಎಂಬ ಮೂರೂ ಒಂದೇ ಹಾಳೆಯಲ್ಲಿ ಕೂಡಿರುವುದು ಕ್ರೈಸ್ತರ ಆಗಮದಲ್ಲಿಯೇ ಕಂಡುಬರುತ್ತದೆ. ಆದುದರಿಂದ ಒಬ್ಬ ಕ್ರೈಸ್ತನು ಇನ್ನೊಬ್ಬನ ಹಿತಕ್ಕಾಗಿ ಲೇಖನಿಯನ್ನು ಹಿಡಿದರೆ ಅದು ಅವನಿಗೆ ಲೌಕಿಕವ್ಯಾಪಾರವಲ್ಲ, ಅನುಷ್ಠಾನದ ಒಂದು ಅಂಗವೇ ಆಗುತ್ತದೆ.

ಇದರಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಸೂತ್ರಗ್ರಂಥಕ್ಕೆ ಓದುಗನು ಯಾವನಾದರೂ ಆಗಬಹುದು, ಕಾಗದಕ್ಕೆ ಹಾಗಲ್ಲ. ಅದಕ್ಕೆ ವಿಳಾಸವು ಬೇಕು. ಬರೆಯುವವನು ತನ್ನೆದುರಿಗಿಲ್ಲದ ಒಬ್ಬ ನಿರ್ದಿಷ್ಟ ಮನುಷ್ಯನನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಅವನ ಭಾಷೆಯಲ್ಲಿ, ಅವನ ಅವಸ್ಥೆಗೆ ತಕ್ಕಂತೆ ಬರೆಯಬೇಕು. ಈ ಅಭ್ಯಾಸವು ಬೇರೂರಿದವನು ಗ್ರಂಥವನ್ನು ಬರೆದಾಗಲೂ ಓದುಗನ ಮುಖವನ್ನು ನೋಡುತ್ತಲೇ ಬರೆಯುವನು.

ಪ್ರಾರ್ಥನೆಯ ಭಾಷೆಯನ್ನೂ ಹೀಗೆಯೇ ಪರೀಕ್ಷಿಸೋಣ. ಕನ್ನಡ ಕ್ರೈಸ್ತರ ಪ್ರಾರ್ಥನೆಯಲ್ಲಿ ದೇವರನ್ನು ಕರೆಯುವಾಗ "ನೀನು" ಎಂಬ ಏಕವಚನವನ್ನೇ ಪ್ರಯೋಗಿಸುವರು; ತಂದೆಯೆಂದು ಸಂಬೋಧಿಸುವರು. ಇದು ಪರದೇಶದಿಂದ ಬಂದ ರೂಢಿಯೆಂದು ಕೆಲವರಿಗೆ ತೋರಬಹುದು. ಆದರೆ ಕನ್ನಡದಲ್ಲಿ ಹರಿದಾಸರು ವಿಠಲನನ್ನೂ ಶರಣರು ಕೂಡಲಸಂಗಮದೇವನನ್ನೂ ಏಕವಚನದಿಂದಲೇ ಕರೆದಿರುವರು. ಮನುಷ್ಯರಲ್ಲಿ ಹಿರಿಯರಿಗೆ ಬಹುವಚನವನ್ನು ಕಡ್ಡಾಯವಾಗಿ ಬಳಸುವ ನಮ್ಮ ನುಡಿಯು ದೇವರೊಡನೆ ಮಾತನಾಡುವಾಗ ಆ ನಿಯಮವನ್ನು ಬಿಟ್ಟುಕೊಡುತ್ತದೆ. ಭಕ್ತಿಯಲ್ಲಿ ಸಲಿಗೆಯು ಗೌರವಕ್ಕಿಂತ ಮೇಲೆಂಬುದು ಅದರ ಅಭಿಪ್ರಾಯವು. ಆದಕಾರಣ ಕನ್ನಡದಲ್ಲಿ ಪ್ರಾರ್ಥಿಸಲೆಳಸಿದ ಕ್ರೈಸ್ತನಿಗೆ ದಾರಿಯು ಮೊದಲೇ ಸವೆದಿದ್ದಿತು.

ಪಾರಿಭಾಷಿಕ ಪದಗಳಲ್ಲಿಯೂ ಇದೇ ರೀತಿ. ಸತ್ಯವೇದ, ಸುವಾರ್ತೆ, ಪವಿತ್ರಾತ್ಮ, ದೀಕ್ಷಾಸ್ನಾನ, ಕರ್ತ, ಸಭೆ, ಯಾಜಕ, ಬಲಿ, ಪ್ರವಾದಿ: ಈ ಪದಗಳಲ್ಲಿ ಹೊಸ ಅರ್ಥವುಂಟು, ಹೊಸ ಶಬ್ದವಿಲ್ಲ. ದೀಕ್ಷಾಸ್ನಾನವೆಂಬ ಸಮಾಸವನ್ನು ನೋಡಿರಿ. ದೀಕ್ಷೆಯೆಂಬುದು ಯಜ್ಞದಿಂದಲೂ ಶೈವಾಗಮದಿಂದಲೂ ಬಂದ ಪದ; ಸ್ನಾನವು ಸರ್ವಪರಿಚಿತವಾದುದು. ಇವೆರಡನ್ನು ಕೂಡಿಸಿದಾಗ, ನೀರಿನಿಂದ ಒಂದು ಸಂಘದೊಳಕ್ಕೆ ಸೇರುವುದೆಂಬ ಅರ್ಥವು ವ್ಯಾಖ್ಯಾನವಿಲ್ಲದೆಯೇ ಹೊಳೆಯುತ್ತದೆ. ಶ್ರದ್ಧೆಗೆ ಮಾತ್ರ ನಂಬಿಕೆಯೆಂಬ ಅಚ್ಚಗನ್ನಡ ಪದವನ್ನು ಉಳಿಸಿಕೊಂಡಿರುವುದು ಯುಕ್ತವಾಗಿದೆ. ಈ ಪದವು ಶರಣರಿಗೂ ದಾಸರಿಗೂ ಪ್ರಿಯವಾದುದು. ವಾಕ್ಯರಚನೆಯು ಮಾತ್ರ ಹೀಗೆ ನಿರ್ದುಷ್ಟವೆನ್ನಲಾಗದು. "ಯಾವನು" ಎಂದು ಆರಂಭಿಸಿ "ಅವನು" ಎಂದು ಮುಗಿಸುವ ವಾಕ್ಯಗಳು ಅಲ್ಲಿ ಹೇರಳವಾಗಿವೆ. ಆದರೆ ಈ ದೋಷವನ್ನು ಎತ್ತಿ ಆಡುವ ಹಕ್ಕು ನಮ್ಮಂಥ ಪಂಡಿತರಿಗೆ ಕಡಮೆ. ಸಂಸ್ಕೃತ ಗ್ರಂಥಗಳಿಗೆ ಕನ್ನಡದ ಟೀಕೆಗಳನ್ನು ಬರೆಯುವಾಗ ನಾವೂ ಅದನ್ನೇ ಮಾಡುತ್ತ ಬಂದಿದ್ದೇವೆ.

೩. ಪೂರ್ವಿಕರು: ಮೋಗ್ಲಿಂಗ್ ಮತ್ತು ಕಿಟ್ಟೆಲ್

ಉತ್ತಂಗಿಯವರು ಒಂದು ಪರಂಪರೆಯ ಫಲವು. ಆ ಪರಂಪರೆಯನ್ನು ಸಂಕ್ಷೇಪವಾಗಿ ನೋಡದಿದ್ದರೆ ಅವರ ವೈಶಿಷ್ಟ್ಯವು ತಿಳಿಯದು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಸ್ಥಾಪಿತವಾದ ಮಿಶನ್ ಸಂಘವು ೧೮೩೪ರಲ್ಲಿ ಮಂಗಳೂರಿಗೆ ಬಂದು, ಕೆಲವೇ ವರ್ಷಗಳಲ್ಲಿ ಧಾರವಾಡ ಪ್ರಾಂತಕ್ಕೂ ಹಬ್ಬಿತು. ೧೮೩೬ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ (೧೮೧೧–೧೮೮೧) ಎಂಬವರು ೧೮೪೩ನೆಯ ಜುಲೈ ತಿಂಗಳಿನಲ್ಲಿ "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊತ್ತಮೊದಲನೆಯ ವೃತ್ತಪತ್ರಿಕೆಯೆಂದು ಅದಕ್ಕೆ ಪ್ರಸಿದ್ಧಿ. ಇವರ ಬರವಣಿಗೆಯಲ್ಲಿ ಎರಡು ಜಾತಿಗಳುಂಟು. "ಜಾತಿ ವಿಚಾರಣೆ", "ದೇವ ವಿಚಾರಣೆ" ಮೊದಲಾದುವು ಖಂಡನಗ್ರಂಥಗಳು. ಬಿಬ್ಲಿಯೋತೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ೧೮೪೮ರಿಂದ ಮುಂದಕ್ಕೆ ಬೆಳಕಿಗೆ ಬಂದುವು ಮತ್ತೊಂದು ಜಾತಿಯವು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಇತ್ಯಾದಿ. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಇದಕ್ಕೆ ಧನಸಹಾಯವನ್ನು ಮಾಡಿದರು. ಪುರಂದರದಾಸರೇ ಮೊದಲಾದವರ ಹಾಡುಗಳು ಮೊದಲು ಅಚ್ಚಾದದ್ದು ಕ್ರೈಸ್ತ ಪಾದ್ರಿಯೊಬ್ಬನ ಕೈಯಿಂದ ಎಂಬುದು ನೆನಪಿಡತಕ್ಕ ಸಂಗತಿ.

ಗೌತಮನ ನ್ಯಾಯಶಾಸ್ತ್ರದಲ್ಲಿ ಕಥೆ, ಎಂದರೆ ಚರ್ಚೆಯು, ಮೂರು ಬಗೆಯೆಂದು ಹೇಳಿದೆ. ತತ್ತ್ವವನ್ನು ತಿಳಿಯಬೇಕೆಂಬವರು ನಡೆಸುವುದು ವಾದ. ಗೆಲ್ಲಬೇಕೆಂಬವರು ನಡೆಸುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದೇ ಗುರಿಯಾದದ್ದು ವಿತಂಡೆ. ಈ ವಿಭಾಗದಂತೆ ಮೋಗ್ಲಿಂಗರ ಖಂಡನಗ್ರಂಥಗಳು ಜಲ್ಪದಲ್ಲಿ ಸೇರುವುವು. ಜಲ್ಪದಲ್ಲಿ ಸತ್ಯವೇ ಇರುವುದಿಲ್ಲವೆಂದು ಇದರ ಅರ್ಥವಲ್ಲ. ಜಾತಿಭೇದದ ಕ್ರೌರ್ಯವನ್ನು ಕುರಿತು ಆ ಕಾಲದ ಪಾದ್ರಿಗಳು ಆಡಿದ ಮಾತುಗಳು ನಮ್ಮ ಸಭೆಗಳು ಕೇಳಲು ಒಲ್ಲದ ಮಾತುಗಳಾಗಿದ್ದುವು. ಒಲ್ಲದ ಮಾತ್ರಕ್ಕೆ ಅವು ಸುಳ್ಳಾಗಲಿಲ್ಲ. ಆದರೆ ಜಲ್ಪದ ಸ್ವಭಾವವೇ ಹಾಗೆ: ಗೆಲ್ಲಲು ಹೊರಟವನ ಮಾತನ್ನು ಸೋಲಲಾರದವನು ಕಿವಿಯಲ್ಲಿ ಹಾಕಿಕೊಳ್ಳನು. ಇಂದು ಆ ಖಂಡನಗಳನ್ನು ಓದುವವರು ಚರಿತ್ರಕಾರರು ಮಾತ್ರ. ದಾಸರ ಪದಗಳ ಮುದ್ರಣವಾದರೋ ಬಾಯಲ್ಲಿದ್ದ ಹಾಡನ್ನು ಪುಸ್ತಕಕ್ಕೆ ತಂದಿತು. ಮುಂದಿನ ಸಂಗ್ರಹಗಳೆಲ್ಲಕ್ಕೂ ದಾರಿಯಾಯಿತು.

ಫೆರ್ಡಿನಂಡ್ ಕಿಟ್ಟೆಲ್ (೧೮೩೨–೧೯೦೩) ಇವರಲ್ಲಿ ಇದೇ ಭೇದವು ಇನ್ನೂ ಸ್ಪಷ್ಟವಾಗಿದೆ. ೧೮೬೨ರಲ್ಲಿ ಪ್ರಕಟವಾದ ಅವರ "ಕಥಾಮಾಲೆ"ಯು ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹಾಡಲು ಬರುವಂತೆ ಹೇಳುವ ಪ್ರಯತ್ನವು. ಪರದೇಶೀಯನೊಬ್ಬನು ಈ ನಾಡಿನ ಮಾತ್ರಾಗಣಗಳನ್ನು ಇಷ್ಟರಮಟ್ಟಿಗೆ ಸ್ವಾಧೀನಪಡಿಸಿಕೊಂಡುದು ಆಶ್ಚರ್ಯವೇ ಸರಿ. ಆದರೆ ಕಾವ್ಯವೆಂಬ ದೃಷ್ಟಿಯಿಂದ ಅದು ಕನ್ನಡಿಗರ ನಾಲಗೆಯಲ್ಲಿ ನಿಲ್ಲಲಿಲ್ಲ. ಅವರ ಕೀರ್ತಿಯು ನಿಂತಿರುವುದು ೧೮೭೨ರ ಶಬ್ದಮಣಿದರ್ಪಣ, ೧೮೭೫ರ ಛಂದೋಂಬುಧಿ, ೧೮೯೪ರ ಕನ್ನಡ-ಇಂಗ್ಲಿಷ್ ನಿಘಂಟು ಇವುಗಳ ಮೇಲೆ. ಸುಮಾರು ೭೦,೦೦೦ ಪದಗಳ ಈ ನಿಘಂಟಿನಲ್ಲಿ ಪಂಪ ರನ್ನರ ಪದಗಳ ಪಕ್ಕದಲ್ಲಿಯೇ ರೈತನ ಗಾದೆಯೂ ಕುಳಿತಿದೆ. ತಮಿಳು, ತೆಲುಗು, ಮಲೆಯಾಳ, ತುಳುಗಳ ಸಜಾತೀಯ ಶಬ್ದಗಳು ಜೊತೆಗೂಡಿವೆ. ನಾಗವರ್ಮನಾಗಲಿ ಕೇಶಿರಾಜನಾಗಲಿ ಕಿಟ್ಟೆಲರ ಮತದವರಲ್ಲ. ಆದರೂ ಅವರ ಒಂದೊಂದು ಅಕ್ಷರವನ್ನೂ ಕಿಟ್ಟೆಲರು ಓಲೆಯಿಂದ ಓಲೆಗೆ ಹೋಲಿಸಿ ಕಾಪಾಡಿದರು.

ನೆರೆಯ ಭಾಷೆಗಳೊಡನೆ ಹೋಲಿಸಿದರೆ ಇಲ್ಲೊಂದು ವಿಶೇಷವು ಕಾಣುತ್ತದೆ. ಮರಾಠಿಯಲ್ಲಿ ತೋಮಾಸ್ ಸ್ಟೀಫನ್ಸ್ ಪಾದ್ರಿಗಳು ೧೬೧೬ರಲ್ಲಿಯೇ ಓವಿ ಛಂದಸ್ಸಿನಲ್ಲಿ "ಕ್ರಿಸ್ತಪುರಾಣ"ವನ್ನು ಬರೆದರು. ಮುಂದೆ ಚಿತ್ಪಾವನ ಬ್ರಾಹ್ಮಣಕುಲದಲ್ಲಿ ಹುಟ್ಟಿ ೧೮೯೫ರಲ್ಲಿ ಕ್ರೈಸ್ತರಾದ ನಾರಾಯಣ ವಾಮನ ಟಿಳಕರು (೧೮೬೧–೧೯೧೯) ತುಕಾರಾಮನ ಅಭಂಗದ ಧಾಟಿಯಲ್ಲಿ ಕ್ರಿಸ್ತಭಕ್ತಿಯನ್ನು ಹಾಡಿದರು. ತಮಿಳಿನಲ್ಲಿ ಎಚ್. ಎ. ಕೃಷ್ಣಪಿಳ್ಳೆಯವರು (೧೮೨೭–೧೯೦೦) ಬನಿಯನ್ನನ ಕಥೆಯನ್ನಾಧರಿಸಿ "ರಕ್ಷಣ್ಯ ಯಾತ್ರಿಕ"ವೆಂಬ ಮಹಾಕಾವ್ಯವನ್ನೇ ಕೊಟ್ಟರು. ಕನ್ನಡದಲ್ಲಿ ಹಾಗಾಗಲಿಲ್ಲ. ಇಲ್ಲಿ ಕ್ರೈಸ್ತಶ್ರದ್ಧೆಯ ಶ್ರೇಷ್ಠಫಲವು ಕಾವ್ಯದಲ್ಲಿ ಕಾಣಲಿಲ್ಲ. ನಿಘಂಟು, ವ್ಯಾಕರಣ, ಸಂಪಾದನೆಗಳಲ್ಲಿ ಕಂಡಿತು. ಇದನ್ನು ಕೊರತೆಯೆಂದು ಎಣಿಸುವವರುಂಟು. ಕವಿಯು ತನ್ನ ದೇವರನ್ನು ತಾನು ಹಾಡುವನು. ಸಂಪಾದಕನು ಇನ್ನೊಬ್ಬನ ಹಾಡು ಕೆಡದಂತೆ ಕಾಯುವನು. ಇವೆರಡರಲ್ಲಿ ಎರಡನೆಯದು ಕೀಳೆಂದು ಹೇಳಲು ನಮಗೆ ಕಾರಣ ತೋರದು.

೪. ಸರ್ವಜ್ಞನ ವಚನಗಳ ಸಂಗ್ರಹ

ಮೋಗ್ಲಿಂಗ್, ಕಿಟ್ಟೆಲರಲ್ಲಿ ಬೋಧಕನೂ ಸಂಪಾದಕನೂ ಒಂದೇ ದೇಹದಲ್ಲಿ ಬೇರೆಬೇರೆಯಾಗಿ ಇದ್ದರು. ಉತ್ತಂಗಿಯವರಲ್ಲಿ ಇವರಿಬ್ಬರೂ ಒಂದಾದರು. ಇದಕ್ಕೆ ಮುಖ್ಯಸಾಕ್ಷಿಯು ಸರ್ವಜ್ಞನ ವಚನಗಳ ಸಂಗ್ರಹವು.

ಕ್ರೈಸ್ತ ಬೋಧಕನೊಬ್ಬನು ಸರ್ವಜ್ಞನನ್ನು ಆರಿಸಿಕೊಂಡುದು ಏತಕ್ಕೆ? ಶೀಘ್ರವಾಗಿ ಹೊಳೆಯುವ ಉತ್ತರವೆಂದರೆ, ಸರ್ವಜ್ಞನು ಕುಲದ ಹೆಮ್ಮೆಯನ್ನೂ ಡಾಂಭಿಕ ಪೂಜೆಯನ್ನೂ ಹಳಿದವನು, ಆದುದರಿಂದ ಖಂಡನಕ್ಕೆ ಒದಗುವ ಆಯುಧವು, ಎಂಬುದು. ತೆಲುಗಿನ ವೇಮನನನ್ನೂ ಇವನನ್ನೂ ಹೀಗೆ ಆಯುಧದಂತೆ ಬಳಸುವುದು ಸುಲಭ. ಸಂಗ್ರಹದ ಉದ್ದೇಶವು ಅಷ್ಟೇ ಆಗಿದ್ದರೆ ಸಂಪಾದಕನು ತನಗೆ ಬೇಕಾದ ನೂರಿನ್ನೂರು ಪದಗಳನ್ನು ಆರಿಸಿ ಒಂದು ಚಿಕ್ಕ ಪುಸ್ತಕವನ್ನು ಮಾಡಿ ಸಂತೆಯಲ್ಲಿ ಹಂಚಬಹುದಾಗಿದ್ದಿತು. ಉತ್ತಂಗಿಯವರು ಹಾಗೆ ಮಾಡಲಿಲ್ಲ. ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಎರಡು ಸಾವಿರದಷ್ಟು ತ್ರಿಪದಿಗಳನ್ನು ಕೂಡಿಸಿದರು. ಗುರು ಲಿಂಗ ಜಂಗಮಗಳನ್ನು ಕೊಂಡಾಡುವ ಪದಗಳು, ಬೇಸಾಯ, ಊಟ, ಸಂಸಾರಗಳನ್ನು ಕುರಿತ ಪದಗಳು, ಒಗಟುಗಳು, ಬೈಗುಳಗಳು, ಒಂದಕ್ಕೊಂದು ವಿರುದ್ಧವಾದ ಮಾತುಗಳು ಎಲ್ಲವೂ ಅಲ್ಲಿ ಸೇರಿವೆ. ಬೋಧಕನಿಗೆ ಉಪಯುಕ್ತವಲ್ಲದ, ಕೆಲವು ಕಡೆ ಬೋಧನೆಗೆ ಪ್ರತಿಕೂಲವೇ ಆದ, ಪದಗಳನ್ನೂ ಅವರು ಬಿಡಲಿಲ್ಲ. ಸಂಪಾದಕನ ಪ್ರಾಮಾಣಿಕತೆಯನ್ನು ಅಳೆಯುವ ಕೋಲು ಇದೇ: ತನಗೆ ಒಲ್ಲದ ಪಾಠವನ್ನು ಅವನು ಉಳಿಸಿದನೋ ಇಲ್ಲವೋ? ಉತ್ತಂಗಿಯವರು ಉಳಿಸಿದರು.

ಕವಿಯ ಕಾಲದೇಶಗಳ ವಿಚಾರದಲ್ಲಿಯೂ ಅವರು ಶ್ರಮಪಟ್ಟರು. ಹಿರೇಕೆರೂರು ಪ್ರಾಂತದ ಅಬಲೂರು, ಮಾಸೂರುಗಳು ಸರ್ವಜ್ಞನ ಕಥೆಯಲ್ಲಿ ಬರುವ ಊರುಗಳು. ನಮ್ಮ ಹೊನ್ನಾಳಿಯ ಸೀಮೆಗೆ ಇವು ದೂರವಲ್ಲ. ಈ ಲೇಖಕನಿರುವ ಉಬ್ರಾಣಿಯ ಸುತ್ತಿನ ಅಡಕೆಯ ತೋಟಗಳಲ್ಲಿ ಓದುಬರೆಹವಿಲ್ಲದ ಹಿರಿಯರು ಮಾತಿನ ನಡುವೆ ಸರ್ವಜ್ಞನ ಪದವೊಂದನ್ನು ಸಾಕ್ಷಿಗೆ ತರುವುದು ಇಂದಿಗೂ ಉಂಟು. ಇಂಥ ಬಾಯ್ದೆರೆಯ ಸಾಹಿತ್ಯವನ್ನು ಕೂಡಿಸಬೇಕಾದರೆ ಪಾಂಡಿತ್ಯವಷ್ಟೇ ಸಾಲದು. ಹಳ್ಳಿಯವನ ಜಗಲಿಯಲ್ಲಿ ಕುಳಿತು, ಅವನ ಮಾತು ಮುಗಿಯುವವರೆಗೆ ಕೇಳುವ ತಾಳ್ಮೆಯು ಬೇಕು. ನಮ್ಮ ಪಾಠಶಾಲೆಗಳು ವಾಕ್ಯಾರ್ಥವನ್ನು ಕಲಿಸಿದುವು. ಈ ತಾಳ್ಮೆಯನ್ನು ಅಷ್ಟಾಗಿ ಕಲಿಸಲಿಲ್ಲ. ಸಭೆಯ ಬೋಧಕನಿಗೆ ಮನೆಮನೆಗೆ ಹೋಗಿ ರೋಗಿಯನ್ನೂ ದುಃಖಿಯನ್ನೂ ಕಂಡು ಧೈರ್ಯಹೇಳುವುದು ನಿತ್ಯಕರ್ಮವು. ಹೀಗೆ ಕೇಳಿ ಪಳಗಿದ ಕಿವಿಯೇ ಇಲ್ಲಿ ಸಂಗ್ರಾಹಕನ ಕಿವಿಯಾಯಿತು. ಉತ್ತಂಗಿಯವರಿಗೆ "ತಿರುಳ್ಗನ್ನಡದ ತಿರುಕ" ಎಂಬ ಹೆಸರು ಸಂದುದು ಅನ್ವರ್ಥವಾಗಿದೆ. ತಿರುಕನು ಬಾಗಿಲಲ್ಲಿ ನಿಂತು, ಕ್ಷೀಣವಾದ ಕಾಳನ್ನೂ ಗಟ್ಟಿಯಾದ ಕಾಳನ್ನೂ ಒಂದೇ ಜೋಳಿಗೆಯಲ್ಲಿ ತಲೆಬಾಗಿ ಸ್ವೀಕರಿಸುವನು.

ಆದರೆ ಈ ಗುಣದಲ್ಲಿಯೇ ದೋಷವೂ ಅಡಗಿದೆ. ತ್ರಿಪದಿಯು ಸುಲಭವಾದ ಛಂದಸ್ಸು. ಅದರ ಕಡೆಯಲ್ಲಿ "ಸರ್ವಜ್ಞ" ಎಂಬ ಅಂಕಿತವನ್ನು ಯಾವನಾದರೂ ಸೇರಿಸಬಲ್ಲನು. ಸೇರಿಸಿಯೂ ಇರುವರು. ಹೀಗಿರಲು ಎರಡು ಸಾವಿರ ಪದಗಳಲ್ಲಿ ಕವಿಯ ಸ್ವಂತವಾದುವು ಎಷ್ಟು, ಪ್ರಕ್ಷಿಪ್ತಗಳೆಷ್ಟು ಎಂಬ ನಿರ್ಣಯವು ಸಂಪಾದಕನ ಮುಖ್ಯಕರ್ತವ್ಯವು. ಹಸ್ತಪ್ರತಿಗಳ ವಂಶವೃಕ್ಷವನ್ನು ಹಿಡಿದು, ಭಾಷೆಯ ಅವಸ್ಥೆಯನ್ನು ಪರೀಕ್ಷಿಸಿ, ಬಾಯಿಪಾಠವನ್ನು ಪ್ರತಿಯ ಪಾಠದಿಂದ ಬೇರ್ಪಡಿಸುವ ಕೆಲಸವು ಈ ಸಂಗ್ರಹದಲ್ಲಿ ಸಾಕಷ್ಟು ಆಗಿಲ್ಲ. ಕ್ರಿಸ್ತನು ಹೇಳಿದ ಸಾಮ್ಯವೊಂದರಲ್ಲಿ ಗೋದಿಯೂ ಹಣಜಿಯೂ ಸುಗ್ಗಿಯವರೆಗೆ ಜೊತೆಯಲ್ಲಿ ಬೆಳೆಯಲೆಂದು ಹೊಲದ ಯಜಮಾನನು ಆಳುಗಳನ್ನು ತಡೆಯುವನು. ಸಂಗ್ರಾಹಕನಿಗೆ ಈ ನೀತಿಯು ಒಪ್ಪುವಂಥದು. ಕಳೆಯನ್ನು ಕೀಳುವ ಆತುರದಲ್ಲಿ ಬೆಳೆಯು ಕೀಳಬಾರದು. ಆದರೆ ಅದೇ ಸಾಮ್ಯದಲ್ಲಿ ಸುಗ್ಗಿಯೂ ಬರುತ್ತದೆ, ಬೇರ್ಪಡಿಸುವುದೂ ನಡೆಯುತ್ತದೆ. ೧೯೨೪ರ ಸಂಗ್ರಹವು ಹೊಲವನ್ನು ಉಳಿಸಿಕೊಟ್ಟಿತು; ಸುಗ್ಗಿಯ ಕೆಲಸವನ್ನು ಮುಂದಿನವರಿಗೆ ಬಿಟ್ಟಿತು.

೫. ವಿನಂತಿ ಮತ್ತು ಅನುಭವಮಂಟಪ

ಉತ್ತಂಗಿಯವರು ತಮ್ಮ ಶ್ರದ್ಧೆಯನ್ನು ನೇರವಾಗಿ ಹೇಳಿದ ಕೃತಿಗಳೂ ಉಂಟು. ಅವುಗಳಲ್ಲೊಂದರ ಹೆಸರು "ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ". ಈ ಶೀರ್ಷಿಕೆಯ ಮೂರು ಪದಗಳನ್ನು ವಿಚಾರಿಸಿದರೆ ಗ್ರಂಥಕಾರರ ಮನೋಧರ್ಮವು ತಿಳಿಯುತ್ತದೆ. ಬನಾರಸವು ನಮ್ಮ ವಿದ್ಯೆಗೆ ಶಿಖರಪ್ರಾಯವಾದ ಕ್ಷೇತ್ರ. ಬೆತ್ಲೆಹೇಮು ಕ್ರಿಸ್ತನು ಹುಟ್ಟಿದ ಚಿಕ್ಕ ಊರು. ಚತುರ್ಥಿಯಲ್ಲಿರುವ ಬನಾರಸವು ಸಂಪ್ರದಾನವು, ಎಂದರೆ ಕೊಡುವ ವಸ್ತುವನ್ನು ಸ್ವೀಕರಿಸುವ ಮಾನ್ಯಸ್ಥಾನವು. ಕಡೆಯ ಪದವು ಖಂಡನವಲ್ಲ, ಆಹ್ವಾನವಲ್ಲ, ಆಜ್ಞೆಯೂ ಅಲ್ಲ, ವಿನಂತಿ. ವಿಶೇಷವಾಗಿ ಬಾಗುವುದೆಂದು ಅದರ ಧಾತ್ವರ್ಥವು. ಮೋಗ್ಲಿಂಗರ "ವಿಚಾರಣೆ"ಯೆಂಬ ಪದದ ಪಕ್ಕದಲ್ಲಿ ಇದನ್ನಿಟ್ಟು ನೋಡಿರಿ. ವಿಚಾರಣೆಯನ್ನು ಮಾಡುವವನು ಪೀಠದ ಮೇಲೆ ಕುಳಿತಿರುವನು. ವಿನಂತಿಯನ್ನು ಮಾಡುವವನು ಎದುರಿಗೆ ನಿಂತಿರುವನು. ಜಲ್ಪವು ವಾದವಾಗಿ ಮಾರ್ಪಟ್ಟುದು ಈ ಎರಡು ಪದಗಳ ನಡುವಣ ಅಂತರದಲ್ಲಿ. ವಾದಿಯು ತನ್ನ ಪಕ್ಷವನ್ನು ಬಿಡುವನೆಂದಲ್ಲ. ವಿನಂತಿಯಲ್ಲಿಯೂ ಪಕ್ಷವು ದೃಢವಾಗಿಯೇ ಇದೆ. ಆದರೆ ಎದುರಿನವನೂ ತತ್ತ್ವವನ್ನು ಅರಸುವವನೆಂಬ ವಿಶ್ವಾಸವು ಅಲ್ಲಿ ಮೊದಲೇ ಸಿದ್ಧವಾಗಿದೆ.

ಈ ಮನೋಧರ್ಮದ ಪರೀಕ್ಷೆಯು ಅನುಭವಮಂಟಪದ ಪ್ರಕರಣದಲ್ಲಿ ನಡೆಯಿತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಶರಣರ ಗೋಷ್ಠಿಯೊಂದು ನಿಜವಾಗಿ ಇದ್ದಿತೇ ಎಂಬ ಸಂದೇಹವು ವಿದ್ವಾಂಸರಲ್ಲಿ ಹುಟ್ಟಿದಾಗ, ಅದು ಇದ್ದಿತೆಂದು ಸಾಧಿಸಲು ಉತ್ತಂಗಿಯವರು "ಅನುಭವಮಂಟಪದ ಐತಿಹಾಸಿಕತೆ"ಯನ್ನು (೧೯೫೧) ಬರೆದರು. ಕ್ರೈಸ್ತ ಬೋಧಕನಿಗೆ ಇದರಿಂದ ಯಾವ ಲಾಭವೂ ಇರಲಿಲ್ಲ. ಅನ್ಯಮತದ ಮಹಾಸಂಸ್ಥೆಯೊಂದು ಕಲ್ಪಿತವೆಂದು ತೀರ್ಮಾನವಾದರೆ ಖಂಡನಪ್ರಿಯನು ಸಂತೋಷಪಡುವನು. ಇವರು ನೊಂದರು, ಲೇಖನಿಯನ್ನು ಹಿಡಿದರು. ಬೇರೊಬ್ಬನ ಭಕ್ತಿಯ ಮೂಲವು ಅಲುಗಾಡಿದಾಗ ಅದಕ್ಕೆ ಆಸರೆಯಾಗುವುದಕ್ಕಿಂತ ದೊಡ್ಡ ಉತ್ತೇಜನವು ಯಾವುದು?

ಆದರೆ ವಿಮರ್ಶಕನ ಧರ್ಮವು ಇಲ್ಲಿ ಇನ್ನೂ ಕಠಿನವಾಗುತ್ತದೆ. ಆ ಗೋಷ್ಠಿಯ ವಿಸ್ತಾರವಾದ ಚಿತ್ರವು ನಮಗೆ ದೊರೆಯುವುದು ಶೂನ್ಯಸಂಪಾದನೆಯಲ್ಲಿ. ಅದು ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದದ್ದು. ಘಟನೆಗೂ ಸಾಕ್ಷಿಗೂ ನಡುವೆ ಹೆಚ್ಚುಕಡಮೆ ಮುನ್ನೂರು ವರ್ಷಗಳ ಅಂತರವಿರುವಾಗ, ಶರಣರು ಕೂಡಿ ಅನುಭಾವವನ್ನು ನಡೆಯಿಸಿದರೆಂಬುದನ್ನು ಒಪ್ಪಬಹುದು. ನಿಯತವಾದ ಮಂಟಪ, ಪೀಠ, ಅಧ್ಯಕ್ಷ, ಸದಸ್ಯರ ಸಂಖ್ಯೆ ಮೊದಲಾದುವನ್ನು ಅದೇ ಬಲದಿಂದ ಒಪ್ಪಲಾಗದು. ಈ ಎರಡು ಪ್ರಮೇಯಗಳನ್ನೂ ಬೇರೆಬೇರೆಯಾಗಿ ಇಟ್ಟುಕೊಂಡಿದ್ದರೆ ಆ ಗ್ರಂಥದ ಬಲವು ಹೆಚ್ಚುತ್ತಿದ್ದಿತು. ಪ್ರೀತಿಯಿಂದ ಹಿಡಿದ ಪಕ್ಷವು ದ್ವೇಷದಿಂದ ಹಿಡಿದ ಪಕ್ಷಕ್ಕಿಂತ ಎಷ್ಟೋ ಮೇಲು; ಆದರೆ ಪ್ರಮಾಣದ ತಕ್ಕಡಿಗೆ ಪ್ರೀತಿಯ ತೂಕವು ತಿಳಿಯದು. ಶ್ರದ್ಧಾಳುವಾದ ಸಂಪಾದಕನಿಗೆ ಬರುವ ಅಪಾಯವು ಅನ್ಯಮತದ್ವೇಷವೊಂದೇ ಅಲ್ಲ, ಅತಿಸ್ನೇಹವೂ ಹೌದು ಎಂಬುದನ್ನು ಈ ಪ್ರಕರಣದಿಂದ ಕಲಿಯಬೇಕು.

೬. ಆಕ್ಷೇಪ ಮತ್ತು ಸಮಾಧಾನ

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಈ ಬೋಧಕರ ಪರಮೋದ್ದೇಶವು ಮತಪ್ರಸಾರವೇ ಆಗಿದ್ದಿತು. ಹೀಗಿರುವಾಗ ಅವರ ನಿಘಂಟು, ಸಂಗ್ರಹಗಳೂ ಗಾಳದ ತುದಿಯ ಎರೆಯಂತೆ ಆ ಉದ್ದೇಶಕ್ಕೆ ಅಂಗಗಳಲ್ಲವೇ? ಈ ಆಕ್ಷೇಪವನ್ನು ತಿರಸ್ಕರಿಸಲಾಗದು. ಮಿಶನ್ ಸಂಘಗಳು ದೇಶಭಾಷೆಗಳನ್ನು ಕಲಿಸಿದುದು ಬೋಧನೆಗಾಗಿಯೇ. ಆದರೆ ಕರ್ತೃವಿನ ಉದ್ದೇಶವು ಬೇರೆ, ಗ್ರಂಥದ ತಾತ್ಪರ್ಯವು ಬೇರೆ. ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮೋಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ನಮ್ಮ ಶಾಸ್ತ್ರವೇ ಕೊಟ್ಟಿದೆ. ಸರ್ವಜ್ಞನ ಸಂಗ್ರಹಕ್ಕೆ ಇವುಗಳನ್ನು ಅನ್ವಯಿಸಿರಿ. ಅದರಲ್ಲಿ ಪದೇ ಪದೇ ಬರುವುದು ಸರ್ವಜ್ಞನ ಮಾತು, ಕ್ರಿಸ್ತನ ಮಾತಲ್ಲ; ಅದರ ಅಪೂರ್ವತೆಯು ಚದುರಿದ್ದುದನ್ನು ಒಂದುಗೂಡಿಸಿದುದು; ಅದರ ಫಲವು ಸರ್ವಜ್ಞನು ಕನ್ನಡದ ಸರ್ವಸಮ್ಮತ ಕವಿಗಳಲ್ಲಿ ಒಬ್ಬನಾಗಿ ಶಾಲೆಯ ಮಗುವಿನವರೆಗೆ ತಲಪಿದುದು. ಆದುದರಿಂದ ಗ್ರಂಥದ ತಾತ್ಪರ್ಯವು ಸರ್ವಜ್ಞನಲ್ಲಿಯೇ ಎಂಬುದು ನಿಶ್ಚಿತವು. ಈ ಪರೀಕ್ಷೆಯಲ್ಲಿ ಖಂಡನಗ್ರಂಥಗಳು ನಿಲ್ಲವು. ನಿಘಂಟೂ ಸಂಗ್ರಹವೂ ನಿಲ್ಲುವುವು. ಉದ್ದೇಶವನ್ನು ಶಂಕಿಸುವವನು ಮೊದಲು ಪಾಠವನ್ನು ಶೋಧಿಸಲಿ. ಪಾಠವು ಶುದ್ಧವಾಗಿದ್ದರೆ ಶಂಕೆಯು ತಾನಾಗಿಯೇ ತಗ್ಗುವುದು.

ಇನ್ನೊಂದು ಮಾತು. ಕ್ರೈಸ್ತನಾದವನು ಸರ್ವಜ್ಞನನ್ನೂ ಶರಣರನ್ನೂ ಕಾಪಾಡುತ್ತಿದ್ದ ಕಾಲದಲ್ಲಿಯೇ, ಮಂಜೇಶ್ವರದ ಗೋವಿಂದ ಪೈಗಳು (೧೮೮೩–೧೯೬೩) ಕ್ರಿಸ್ತನ ಕಡೆಯ ದಿನವನ್ನು ಕುರಿತು "ಗೊಲ್ಗೊಥಾ" ಎಂಬ ಖಂಡಕಾವ್ಯವನ್ನು ರಚಿಸಿದರು. ಪೈಗಳು ಗೌಡ ಸಾರಸ್ವತ ಕುಲದವರು, ಕ್ರೈಸ್ತರಲ್ಲ. ಹೀಗೆ, ಮರಾಠಿ ತಮಿಳುಗಳಲ್ಲಿ ಕ್ರೈಸ್ತಕವಿಗಳು ಮಾಡಿದ ಕೆಲಸವನ್ನು ಕನ್ನಡದಲ್ಲಿ ಅನ್ಯಮತೀಯನು ಮಾಡಿದನು. ಶರಣರ ಮಠಗಳೂ ನಮ್ಮ ಪಾಠಶಾಲೆಗಳೂ ಮಾಡಬೇಕಾಗಿದ್ದ ಕೆಲಸದ ಒಂದು ಭಾಗವನ್ನು ಕ್ರೈಸ್ತ ಬೋಧಕನು ಮಾಡಿದನು. ಇದನ್ನು ಯಾರೂ ಒಪ್ಪಂದ ಮಾಡಿಕೊಂಡು ನಡೆಯಿಸಲಿಲ್ಲ. ಇಬ್ಬರಲ್ಲಿ ಯಾರೂ ತಮ್ಮ ಮತವನ್ನು ಬಿಡಲೂ ಇಲ್ಲ. ಕನ್ನಡವಾಙ್ಮಯದ ಇಪ್ಪತ್ತನೆಯ ಶತಮಾನದ ಚರಿತ್ರೆಯಲ್ಲಿ ಇದಕ್ಕಿಂತ ಗೌರವದ ಸಂಗತಿಗಳು ವಿರಳ.

ಈಗ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಅನ್ಯಮತದ ಗ್ರಂಥವನ್ನು ಸಂಪಾದಿಸುವ ಅಧಿಕಾರವು ಹುಟ್ಟಿನಿಂದ ಬರತಕ್ಕುದಲ್ಲ; ತನ್ನ ಶ್ರದ್ಧೆಯನ್ನು ಕಳೆದುಕೊಳ್ಳುವುದರಿಂದಲೂ ಬರತಕ್ಕುದಲ್ಲ. ಶ್ರಮ, ವಿನಯ, ತನಗೆ ಒಲ್ಲದ ಪಾಠವನ್ನೂ ಉಳಿಸುವ ಸತ್ಯನಿಷ್ಠೆ ಈ ಮೂರರಿಂದ ಅದು ಸಿದ್ಧಿಸುತ್ತದೆ. ಉತ್ತಂಗಿಯವರಿಗೆ ಇವು ಮೂರೂ ತಮ್ಮ ಶ್ರದ್ಧೆಯ ಅಭ್ಯಾಸದಿಂದಲೇ ಬಂದುವು: ಶ್ರಮವು ಬರವಣಿಗೆಯಿಂದ, ವಿನಯವು ಪ್ರಾರ್ಥನೆಯಿಂದ, ಇತರರ ಮಾತನ್ನು ಕೇಳಿ ಕಾಯುವ ಗುಣವು ದುಃಖಿಗಳಿಗೆ ಧೈರ್ಯಹೇಳುವ ನಿತ್ಯವೃತ್ತಿಯಿಂದ. ನಮ್ಮ ಸಂಪ್ರದಾಯದ ವಿದ್ಯಾರ್ಥಿಗಳು ಕ್ರೈಸ್ತರ ಭಜನೆಗಳನ್ನೂ, ಸತ್ಯವೇದದ ಹಳೆಯ ಕನ್ನಡ ಅನುವಾದಗಳನ್ನೂ, ಮಿಶನ್ ಮುದ್ರಣಾಲಯಗಳಿಂದ ಹೊರಟ ಮೊದಲ ಪುಸ್ತಕಗಳನ್ನೂ ಇದೇ ನಿಷ್ಠೆಯಿಂದ ಪಾಠಶೋಧನೆಗೆ ತೆಗೆದುಕೊಳ್ಳಬೇಕು. ಆ ಸಾಲವು ಇನ್ನೂ ನಮ್ಮ ಮೇಲೆಯೇ ಇದೆ.